ಬಲಗೈ ಹೆಬ್ಬೆಟ್ಟು

ಚಿತಾಗಾರದ ನೌಕರ ಶವದ ಬಲಗೈಯನ್ನು ಬಿಳಿ ಬಟ್ಟೆಯಿಂದ ಹೊರಗೆಳೆದು, ಕತ್ತರಿ ಹಿಡಿದುಕೊಂಡೇ ನಿರುಪಮಾಳನ್ನು ಕೇಳಿದ: "ಅಪ್ಪನ ಹೆಬ್ಬೆಟ್ಟು ತಗೊಂಡ್ಹೋಗ್ತೀರೇನಮ್ಮ? ಅದಿಲ್ದೆ ಅವ್ರ ಇ-ಪುಸ್ತಕ ಒಂದೂ ತೆರೆಯಲ್ಲ."

ನಿರುಪಮಾ ಆ ಕೈಯನ್ನು ಮತ್ತೆ ಬಟ್ಟೆಯೊಳಗೆ ಸೇರಿಸಿದಳು.

"ತಗೊಳ್ಳೇ, ಉಪ್ಪಲ್ಲಿ ಹಾಕಿಟ್ರೆ ಕೆಡಲ್ಲ. ಕಾನೂನೂ ಒಪ್ಪುತ್ತೆ," ಎಂದಳು ಸೋದರತ್ತೆ ಚಂದ್ರಮತಿ. ಆಕೆಯ ಕೈಚೀಲದಲ್ಲಿ ತೀರಿಹೋದ ಗಂಡನ ಹೆಬ್ಬೆಟ್ಟಿನ ಸ್ಟೀಲ್ ಡಬ್ಬಿ ಸದಾ ಇರುತ್ತಿತ್ತು. ಬಸ್ಸಿನಲ್ಲಿ ಕೂತರೂ ಆ ಹೆಬ್ಬೆಟ್ಟನ್ನು ಮೊಬೈಲಿಗೊತ್ತಿ ಅವನು ಕೊಂಡಿದ್ದ ಕಾದಂಬರಿಗಳನ್ನು ತೆರೆದು ಓದುತ್ತಿದ್ದಳು.

"ಥೂ, ನಂಗೆ ಬೇಡ. ಅಪ್ಪ ದುಡ್ಡು ಕೊಟ್ಟು ಕೊಂಡ ಪುಸ್ತಕಗಳು. ಎಲ್ಲದ್ರ ಹೆಬ್ಬೆಟ್ಟಿನ ಬೀಗ ನಿನ್ನೆ ಕಂಪ್ಯೂಟರಲ್ಲಿ ನಾನೇ ಒಡ್ದೆ."

ನೌಕರನ ಕತ್ತರಿ ಗಾಳಿಯಲ್ಲೇ ನಿಂತಿತು. ಚಂದ್ರಮತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೈಚೀಲವನ್ನು ಎದೆಗವಚಿ ಹಿಂದೆ ಸರಿದಳು.

"ಅಸಹ್ಯ! ಮರ್ಯಾದಸ್ಥರು ಮಾಡೋ ಕೆಲ್ಸವೇನೇ ಅದು?"