ಕಾಶಿಗೆ ಆರ್‌ಎಸಿ

“ಶುಕ್ರವಾರದ ಕಾಶಿ ರೈಲಿಗೆ ಆರ್‌ಎಸಿ ಐತ್ರಿ ಕಾಕಾ,” ಎಂದಳು ಮಹಾಲಿಂಗಪುರದ ಟ್ರಾವೆಲ್ಸ್ ಅಂಗಡಿಯ ವೈಶಾಲಿ.

“ಹಂಗಂದ್ರ?” ನೇಕಾರ ಚನಮಲ್ಲಪ್ಪ ಕಂಪ್ಯೂಟರಿನ ಪರದೆಯತ್ತ ಬಗ್ಗಿದ.

“ರೈಲು ಹತ್ತಬಹುದ್ರಿ. ಆದ್ರ ಇಬ್ಬರಿಗೂ ಸೇರಿ ಒಂದ ಬರ್ತು. ಬ್ಯಾರೆ ಯಾರರ ಟಿಕೀಟ ರದ್ದು ಮಾಡ್ಲಿಲ್ಲಂದ್ರ ಮಲಗಾಕ ಆಗಂಗಿಲ್ಲ, ಹಿಂಗ ಎದರಾಬದರ ಕುಂಡ್ರಬೇಕು.” ಅವಳು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಒಂದಕ್ಕೊಂದು ಎದುರಾಗಿ ನಿಲ್ಲಿಸಿ ತೋರಿಸಿದಳು. “ಶನಿವಾರ ಕನ್ಫರ್ಮ್ ಐತಿ. ಮಲಗಿ ಹೋಗಬಹುದು, ಬೋಗಿ ಮಾತ್ರ ಬ್ಯಾರೆ ಬ್ಯಾರೆ.”

“ಶನಿವಾರದ್ದ ಮಾಡವಾ. ಇಕಿಗೆ ಮೊಣಕಾಲು ನೋಯ್ತಾವು.”

ಹಿಂದಿನ ಬೆಂಚಿನಲ್ಲಿದ್ದ ಅವನ ಹೆಂಡತಿ ಕಸ್ತೂರೆವ್ವ ವೈಶಾಲಿಯ ಅಂಗೈಗಳನ್ನೇ ನೋಡುತ್ತಿದ್ದಳು. ರಬಕವಿಯ ಮನೆಯಲ್ಲಿ ಅವನು ಮಗ್ಗಕ್ಕೆ ಕುಳಿತರೆ, ಅವಳು ಅವನ ಬೆನ್ನ ಹಿಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಾಳೆ. ಮದುವೆಯಾದಾಗಿನಿಂದ ಹಾಗೆಯೇ. ಏನು ಕೇಳಿದರೂ ಅವನು ಎಳೆಯ ಮೇಲಿನ ಕಣ್ಣು ತೆಗೆಯದೆ ಉತ್ತರ ಕೊಡುತ್ತಾನೆ. ಅವನ ಅಂಗಿ ಬೆನ್ನಲ್ಲಿ ಎಲ್ಲೆಲ್ಲಿ ಸವೆದಿದೆ ಎಂಬುದು ಅವಳಿಗೆ ಗೊತ್ತು. ಮೀಸೆ ಯಾವಾಗ ಇಷ್ಟು ಬೆಳ್ಳಗಾಯಿತೆಂಬುದು ಗೊತ್ತಿಲ್ಲ.

ಅವಳು ಎದ್ದು ಬಂದು, ತನ್ನ ಅಂಗೈಗಳನ್ನೂ ಮೇಜಿನ ಮೇಲೆ ಹಾಗೆಯೇ ಎದುರೆದುರು ನಿಲ್ಲಿಸಿದಳು. “ಹಿಂಗ ಹೌದಲ್ಲ? ಕಾಶಿ ಮುಟ್ಟೂತನಕ?”

“ಯಾರೂ ಟಿಕೀಟ ರದ್ದು ಮಾಡ್ಲಿಲ್ಲಂದ್ರ ಹೌದ್ರಿ ಕಾಕು.”

“ಯಾರೂ ಮಾಡೂದು ಬ್ಯಾಡ. ಶುಕ್ರವಾರದ್ದ ತಗಿಯವಾ.”

“ಮೊಣಕಾಲು?” ಚನಮಲ್ಲಪ್ಪ ಪರದೆ ನೋಡುತ್ತಲೇ ಕೇಳಿದ.

“ಈ ಕಡೆ ತಿರುಗಿ ಕೇಳ್ರಿ.”

ಅವನು ಕುರ್ಚಿಸಮೇತ ತಿರುಗಿದ.