ಉತ್ತರ ಡಲ್ಲಾಸಿನ ಬಾಡಿಗೆ ಮನೆ

ಮೊದಲ ಗುಂಡಿಗೆ ಕಿಟಕಿಯ ಗಾಜು ಒಡೆಯಿತು. ಎರಡನೆಯದು ಪುಟ್ಟ ನೈಲಾಳ ಹಾಸಿಗೆಯ ಮೇಲಿನ ಗೋಡೆಗೆ ಹೊಕ್ಕಿತು. ಅಡುಗೆಮನೆಯಲ್ಲಿದ್ದ ರೊವೀನಾ ನೆಲಕ್ಕೆ ಬಿದ್ದು, ಮಗಳ ಹೆಸರು ಕೂಗುತ್ತ ಕೋಣೆಗೆ ತೆವಳಿದಳು. ಹಾಸಿಗೆಯ ತುಂಬ ಗಾಜಿನ ಚೂರು. ಮಗು ಇರಲಿಲ್ಲ.

ಹಾಸಿಗೆಯ ಕೆಳಗೂ ತಡಕಿದಮೇಲೆ ನೆನಪಾಯಿತು. ಚರ್ಚಿನಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾರೆಂದು ಅಜ್ಜಿ ಆಗಷ್ಟೇ ಅವಳನ್ನು ಕರೆದೊಯ್ದಿದ್ದಳು.

ಮೊದಲು ಓಡಿಬಂದವಳೂ ಆ ಅಜ್ಜಿಯೇ, ರೊವೀನಾಳ ತಾಯಿ ಅರ್ನೆಸ್ಟೀನ್. ಏದುಸಿರು ಬಿಡುತ್ತ ಗೋಡೆ ನೋಡಿದಳು.

"ಇನ್ನಾದ್ರೂ ಹೋಗ್ತೀಯೋ, ಇಲ್ಲ ನಿಮ್ಮ ದೊಡ್ಡಣ್ಣನ ಪಕ್ಕದಲ್ಲೇ ಮಲಗ್ತೀಯೋ?"

ಅರ್ನೆಸ್ಟೀನಳ ಹಿರಿಯ ಮಗ ಇದೇ ಬೀದಿಯಲ್ಲಿ ಗುಂಡೇಟಿಗೆ ಸತ್ತಿದ್ದ.

ಸರ್ಕಾರದ ಬಾಡಿಗೆ ನೆರವಿನ ಚೀಟಿ ರೊವೀನಾಳ ಕೈಯಲ್ಲಿತ್ತು. ಅದರ ಮೊತ್ತ ಮನೆಯ ಪಿನ್‌ಕೋಡಿನ ಮೇಲೆ ನಿಂತಿತ್ತು; ದಕ್ಷಿಣದ ಈ ಬಡಾವಣೆಯಲ್ಲಿ ಮಿತಿ ಕಡಿಮೆ. ಪೈಪು ಸೋರುವ ಇಂಥ ಮನೆಗಷ್ಟೇ ಸಾಲುತ್ತಿತ್ತು. ಪಿನ್‌ಕೋಡ್ ದಾಟಿ ಉತ್ತರಕ್ಕೆ ಹೋದರೆ ಅದೇ ಚೀಟಿಗೆ ಹೆಚ್ಚುಕಡಿಮೆ ಎರಡರಷ್ಟು ಬೆಲೆ. ಅಲ್ಲಿ ಚೀಟಿ ಒಪ್ಪುವ ಮಾಲೀಕರೇ ಅಪರೂಪ. ಒಬ್ಬ ಒಪ್ಪಿ, ಶನಿವಾರದವರೆಗೆ ಕಾಯುತ್ತೇನೆಂದಿದ್ದ. ತಾಯಿಯನ್ನು ಬಿಟ್ಟು ಹೋಗಲಾರೆನೆಂದು ರೊವೀನಾಳೇ ಹಟ ಹಿಡಿದಿದ್ದಳು.

"ನೀನೂ ಬಾ ಅಂದ್ರೆ ಬರಲ್ಲ."

"ಅವನ ಗೋರಿ ಬಿಟ್ಟು ನಾನೆಲ್ಲಿಗೆ ಬರ್ಲಿ? ನೀನು ಹೊರಡೇ."

ಅಷ್ಟರಲ್ಲಿ ರೊವೀನಾಳ ಚಿಕ್ಕಣ್ಣ ಡೆಲ್ರಾಯ್ ಬಂದ. ಗೋಡೆಯ ತೂತು ನೋಡಿದ. ಹಿಂದಿನ ವಾರವಷ್ಟೇ ಬೀದಿಕೊನೆಯ ಟೆರೆಲ್ ಜೊತೆ ಅವನಿಗೆ ಜಗಳವಾಗಿತ್ತು. ಕಬ್ಬಿಣದ ಸಲಾಕೆ ಎತ್ತಿಕೊಂಡು ಹೊರಟ. ಹೆಂಗಸರಿಬ್ಬರೂ ಹಿಂದೆ ಓಡಿದರು.

"ನನ್ನ ತಂಗಿ ಮನೆಗೆ ಗುಂಡು ಹೊಡೀತೀಯಾ?"

"ನಾನಲ್ಲ ಡೆಲ್ರಾಯ್. ನಮ್ಮಮ್ಮನಾಣೆ ನಾನಲ್ಲ."

ಮೊದಲ ಏಟಿಗೆ ಟೆರೆಲ್‌ನ ದವಡೆ ಮುರಿಯಿತು. ಬಿದ್ದವನ ಪಕ್ಕೆಗೆ ಇನ್ನೊಂದು, ತಲೆಗೆ ಮತ್ತೊಂದು. ಅರ್ನೆಸ್ಟೀನ್ ನಡುವೆ ಬಿದ್ದಳು. ಅವಳ ತೋಳಿನ ಮೂಳೆ ಲಟಕ್ಕೆಂದಿತು.

"ಬಿಡೋ. ಅವನಿಗೂ ಒಬ್ಬ ತಾಯಿ ಇದ್ದಾಳೆ."

ಡೆಲ್ರಾಯ್ ನಿಲ್ಲಿಸುವಷ್ಟರಲ್ಲಿ ರಸ್ತೆ ಕೆಂಪಾಗಿತ್ತು.

ಶನಿವಾರ ರೊವೀನಾ ಮಗಳೊಂದಿಗೆ ಉತ್ತರದ ಮನೆ ಸೇರಿದಳು. ಅಲ್ಲಿ ಸಂಜೆ ಕೇಳುವುದು ಹುಲ್ಲಿಗೆ ನೀರು ಚಿಮ್ಮುವ ಸದ್ದು, ಸೈಕಲ್ಲಿನ ಗಂಟೆ. ಮರುವಾರ ಟೆರೆಲ್ ಆಸ್ಪತ್ರೆಯಲ್ಲಿ ಸತ್ತ. ಡೆಲ್ರಾಯ್ ಮೇಲೆ ಕೊಲೆ ಕೇಸು ಬಿತ್ತು.

ಆ ಮಧ್ಯಾಹ್ನ ಅರ್ನೆಸ್ಟೀನ್ ತೋಳಿಗೆ ಪಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಮೆಟ್ಟಿಲ ಮೇಲೆ ಕುಳಿತು, ಹುಲ್ಲಿನಲ್ಲಿ ಉರುಳಾಡುತ್ತಿದ್ದ ಮೊಮ್ಮಗಳನ್ನೇ ನೋಡಿದಳು.

"ಅವನು ಸತ್ತಿದ್ದಕ್ಕೆ ನಂಗೇನೂ ದುಃಖ ಇಲ್ಲಮ್ಮ," ಎಂದಳು ರೊವೀನಾ. "ನನ್ನ ಮಗು ಮಲಗೋ ಜಾಗಕ್ಕೇ ಹೊಡೆದ."

"ಮಗು ಇಲ್ಲಿ ಚೆನ್ನಾಗಿದ್ದಾಳೆ ಅಲ್ವಾ?"

"ಹೂಂ. ಈಗ ಕನಸಲ್ಲಿ ಬೆಚ್ಚಿಬೀಳಲ್ಲ."

"ಸರಿ. ಹಾಗಾದ್ರೆ ನನ್ನನ್ನ ಪೊಲೀಸ್ ಠಾಣೆಗೆ ಬಿಟ್ಟು ಬಾ," ಎಂದಳು ಅರ್ನೆಸ್ಟೀನ್. "ಅವಳನ್ನ ಚರ್ಚಿಗೆ ಸೇರಿಸಿ ಬಂದ್ಮೇಲೇ ನಾನು ಗುಂಡು ಹೊಡೆದಿದ್ದು ಕಣೇ."