ಪುಟ್ಟನಂಜಮ್ಮನ ಎರಡು ಪರೀಕ್ಷೆ

"ನೂರರಲ್ಲಿ ಏಳು ಕಳೆದರೆ ಎಷ್ಟಜ್ಜಿ?"

"ಯಾಕವ್ವ ಕಳೀಬೇಕು? ಮಡಗಿರ್ಲಿ ಬುಡು," ಎಂದಳು ಪುಟ್ಟನಂಜಮ್ಮ.

ಡಾಕ್ಟರ್ ನೇತ್ರ ಸೊನ್ನೆ ಹಾಕಿದಳು. ಗೆಟ್ಟವಾಡಿ ಶಾಲೆಯಲ್ಲಿ ಅಂದು ಮರೆವಿನ ಕಾಯಿಲೆಯ ಶಿಬಿರ. ಅವಳ ಬಳಿ ಎರಡು ಪರೀಕ್ಷೆಗಳಿದ್ದವು: ಒಂದು ವಿದೇಶದ್ದು, ಇನ್ನೊಂದು ಓದುಬರಹ ಬಾರದವರಿಗೆಂದೇ ಹೊಸದಾಗಿ ಬರೆದದ್ದು. ಯಾವುದು ಕಾಯಿಲೆಯನ್ನು ಸರಿಯಾಗಿ ಹಿಡಿಯುತ್ತದೆಂದು ಹೋಲಿಸಿ ನೋಡಬೇಕಿತ್ತು.

ಪಕ್ಕದ ಬೆಂಚಿನಲ್ಲಿ ಗಂಡ ಬಿಳಿ ಅಂಗಿ ತೊಟ್ಟು ಠೀವಿಯಿಂದ ಕೂತಿದ್ದ. ದೂರೆಲ್ಲ ಅವನದೇ.

"ಇವ್ಳಿಗೆ ಗ್ಯಾನ ನೆಟ್ಟಗಿಲ್ಲ ಡಾಕ್ಟ್ರಮ್ಮ. ಮೋಟ್ರು ಆಕ್ಬುಟ್ಟು ಮರ್ತ್ಳು, ಒಲ ಎಲ್ಲ ಕೆರೆ ಆಯ್ತು. ಎತ್ತ ಸಂತೇಲೇ ಬುಟ್ಟು ಬಂದ್ಳು!"

"ಊ ಕಣವ್ವ, ನಾನೇಯ," ಎಂದಳು ಅವಳು.

ಊರಿಗೆ ಊರೇ ಅವಳನ್ನು ಆಡಿಕೊಳ್ಳುತ್ತಿತ್ತು. ಕಾಯಿಲೆ ಖಚಿತವಾದರೆ ಇನ್ನು ಒಲೆ ಮುಟ್ಟಗೊಡುವುದಿಲ್ಲ ಎಂದು ಸೊಸೆ ಹೇಳಿಯಾಗಿತ್ತು. ಅಯ್ಯೋ, ಬದುಕಿ ಬಾಳಿದ ಹೆಂಗಸಿಗೆ ಒಲೆ ಬಿಡಿಸುವುದೆಂದರೆ ಸಾಮಾನ್ಯವೇ!

ಮೊದಲ ಪರೀಕ್ಷೆಯಲ್ಲಿ ಮೂವತ್ತಕ್ಕೆ ಒಂಬತ್ತು. ಗಂಡ, ನಾನು ಹೇಳಲಿಲ್ಲವೇ ಎಂಬಂತೆ ತಲೆಯಾಡಿಸಿದ.

ಎರಡನೆಯದು ಶುರುವಾಯಿತು. ರಾಗಿ ಬಿತ್ತುವುದು ಯಾವಾಗ? ತಾಳವಾಡಿ ಸಂತೆ ಯಾವ ದಿನ? ಸೊಸೆಯ ತವರೂರು ಯಾವುದು? ಪ್ರಶ್ನೆ ಮುಗಿಯುವ ಮೊದಲೇ ಅಜ್ಜಿಯ ಉತ್ತರ ಬೀಳುತ್ತಿತ್ತು. ಒಂದೂ ತಪ್ಪಲಿಲ್ಲ. ನೇತ್ರಳಿಗೆ ಸೋಜಿಗವಾಯಿತು.

"ಕೊನೇದು. ಯಜಮಾನರ ಹೆಸರು?"

ಅಜ್ಜಿ ತಲೆ ತಗ್ಗಿಸಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ನೇತ್ರಳಿಗೆ ನಗು ಬಂತು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ಪದ್ಧತಿ ಈ ಕಡೆ ಇಲ್ಲ. ಪ್ರಶ್ನೆ ಬರೆದವರಿಗೆ ಅದು ತೋಚಿರಲಿಲ್ಲ, ಅಷ್ಟೇ.

"ಹೋಗಲಿ, ನೀವೇ ಹೇಳಿಬಿಡಿ ಯಜಮಾನ್ರೇ."

ಅವನು ನಗುತ್ತಲೇ ಬಾಯಿ ತೆರೆದ. ಮುಚ್ಚಿದ. ಅಂಗಿಯ ಗುಂಡಿ ತಿರುವಿದ. ಆಮೇಲೆ ಹೆದರಿದ ಕಣ್ಣಿನಿಂದ ಹೆಂಡತಿಯ ಮುಖ ನೋಡಿದ.

"ಇವ್ಳಿಗ್ ಗೊತ್ತು... ಇವ್ಳ ಕೇಳಿ."

ಪುಟ್ಟನಂಜಮ್ಮನ ಕಣ್ಣು ತುಂಬಿ ಬಂತು. ಅವನ ಕೈ ಹಿಡಿದುಕೊಂಡಳು. ನಲವತ್ತು ವರ್ಷದಲ್ಲಿ ಒಮ್ಮೆಯೂ ಆಡದ ಹೆಸರನ್ನು ಆಡಿದಳು.

"ರಾಚಪ್ಪ."

"ಆ, ಅದೇಯ!" ಎಂದ ಅವನು. ಜೀವ ಬಂದಂತಾಗಿತ್ತು ಅವನಿಗೆ.

ಅಜ್ಜಿ ನೇತ್ರಳ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ಕಾಯ್ಲ ನಂಗಲ್ಲ ಕಣವ್ವ. ‘ಕಾಯ್ಲ ನಿಮ್ಗೇಯ’ ಅಂತ ಅವ್ರಿಗೆ ಅಂದಿದ್ರೆ ಒಸ್ಲು ದಾಟ್ತಿರ್ನಿಲ್ಲ. ಅದ್ಕೇ ಅವ್ರು ಮರ್ತಿದ್ದ್ನೆಲ್ಲ ನಾನೇ ಮರ್ತೆ ಅಂತ ಒಪ್ಕಂಡು ಕರ್ಕಂಡ್ ಬಂದೆ."